ಊರು ನೆನೆದ ಹೆಸರುಗಳು

ಬಳ್ಳಾರಿಯಲ್ಲಿ ಬಸ್ಸು ಹತ್ತಿ ಹೊಸಪೇಟೆಯ ಕಡೆ ಹೊರಟವರು ಸಾಮಾನ್ಯವಾಗಿ ಹಂಪೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊರಟಿರುತ್ತಾರೆ. ವಿರೂಪಾಕ್ಷನ ಗೋಪುರ, ವಿಠ್ಠಲನ ಗುಡಿಯ ಕಲ್ಲಿನ ತೇರು, ಕೃಷ್ಣದೇವರಾಯನ ಹೆಸರು ಇವೆಲ್ಲ ಕಣ್ಣಿಗೆ ಕಟ್ಟಿರುವಾಗ ನಡುವಿನ ಊರುಗಳು ಕಿಟಕಿಯಾಚೆ ಸುಮ್ಮನೆ ಸರಿದುಹೋಗುವುದು ಸಹಜವೇ. ಕುಡತಿನಿ ಬಂದಿತು, ಹೋಯಿತು. ತೋರಣಗಲ್ಲು ಬಂದಿತು, ಉಕ್ಕಿನ ಕಾರ್ಖಾನೆಯ ಹೊಗೆಗೂಡುಗಳು ಕಂಡವು. ಅದರ ಮಗ್ಗುಲಲ್ಲೇ ಕುರೆಕುಪ್ಪ. ಒಂದು ಕಾಲಕ್ಕೆ ಹಳ್ಳಿ, ಈಗ ಪುರಸಭೆಯುಳ್ಳ ಪಟ್ಟಣ. ಸಂಡೂರು ತಾಲ್ಲೂಕಿನ ಈ ಊರಿನಲ್ಲಿ ಇಳಿಯುವವರು ಕೆಲಸಕ್ಕೆಂದು ಬಂದವರೇ ಹೊರತು ಚರಿತ್ರೆಯನ್ನು ನೋಡಲು ಬಂದವರಲ್ಲ.

ಅರಸರ ಚರಿತ್ರೆ ಬೇರೆ, ಊರಿನ ಚರಿತ್ರೆ ಬೇರೆ. ಅರಸನ ಚರಿತ್ರೆಯನ್ನು ಅರಸನೇ ಬರೆಸಿ ಹೋಗುತ್ತಾನೆ. ಊರಿನ ಚರಿತ್ರೆಯೆಂದರೆ ಅಲ್ಲಿ ಹುಟ್ಟಿ, ಉತ್ತು, ಬಿತ್ತಿ, ಬಡಿದಾಡಿ ಸತ್ತವರ ಕಥೆ. ಅದನ್ನು ಬರೆಸುವವರು ಯಾರು? ಸತ್ತ ತನ್ನವರನ್ನು ನೆನೆಯುವುದಕ್ಕೆ ಈ ಸೀಮೆ ಏನೇನು ಮಾಡಿತು, ಯಾರನ್ನು ನೆನೆಯಿತು, ಯಾರನ್ನು ಮರೆಯಿತು ಎಂಬುದನ್ನು ಸ್ವಲ್ಪ ನೋಡೋಣ.

ಮೊದಲು ಒಂದು ತಮಾಷೆಯ ಸಂಗತಿ. ಕುಡತಿನಿಯ ಬಳಿ ಒಂದು ಬೂದಿಯ ದಿಬ್ಬವುಂಟು. ದೂರದಿಂದ ಮಣ್ಣಿನ ಗುಡ್ಡೆಯಂತೆ ಕಾಣುತ್ತದೆ. ಹತ್ತಿರ ಹೋಗಿ ಕೆದಕಿದರೆ ಒಳಗೆ ಬೂದಿ, ಕೆಲವು ಕಡೆ ಕಿಟ್ಟದಂತೆ ಗಟ್ಟಿಗಟ್ಟಿದ ಬೂದಿ. ಇಂಥ ದಿಬ್ಬಗಳು ಬಳ್ಳಾರಿ ಸೀಮೆಯಲ್ಲಿ ಹಲವು ಇವೆ. ಇಷ್ಟೊಂದು ಬೂದಿ ಎಲ್ಲಿಂದ ಬಂತು? ಜನ ಹೇಳಿಕೊಂಡು ಬಂದ ಉತ್ತರ: ಇದು ರಕ್ಕಸರನ್ನು ಸುಟ್ಟ ಚಿತೆಯ ಬೂದಿ. ಹಂಪೆಯ ಬಳಿ ನಿಂಬಾಪುರದಲ್ಲಿರುವ ದಿಬ್ಬವಂತೂ ವಾಲಿಯನ್ನು ಸುಟ್ಟ ಜಾಗವೆಂದೇ ಹೆಸರಾಗಿದೆ. ಕಿಷ್ಕಿಂಧೆಯಲ್ಲಿ ವಾಲಿಗೆ ಒಂದು ಚಿತೆ ಬೇಡವೆ?

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಈ ದಿಬ್ಬಗಳನ್ನು ಕುರಿತು ಬರೆದ. ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷ ಪಂಡಿತರು ಜಗಳವಾಡಿದರು. ಇದು ಯಜ್ಞದ ಬೂದಿ ಎಂದರು, ಸಾಮೂಹಿಕ ದಹನದ ಬೂದಿ ಎಂದರು, ಜ್ವಾಲಾಮುಖಿ ಎಂದರು. ರಾಬರ್ಟ್ ಬ್ರೂಸ್ ಫೂಟ್ ಒಬ್ಬ, ಇದು ದನದ ಸಗಣಿಯ ಬೂದಿಯಿರಬೇಕು ಎಂದು ಊಹಿಸಿದ. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಉಟ್ನೂರಿನ ಬೂದಿದಿಬ್ಬವನ್ನು ಅಗೆದಾಗ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಸಿಕ್ಕವು. 1960ರಲ್ಲಿ ಟ್ಸೊಯ್ನರ್ ಎಂಬ ವಿಜ್ಞಾನಿ ಬಳ್ಳಾರಿ ಸೀಮೆಯ ದಿಬ್ಬಗಳ ಬೂದಿಯನ್ನು ಪರೀಕ್ಷಿಸಿ, ಫೂಟನ ಮಾತೇ ಸರಿ ಎಂದು ತೋರಿಸಿದರು. ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ ಇಲ್ಲಿ ದನ ಸಾಕಿಕೊಂಡಿದ್ದ ಜನ ದೊಡ್ಡಿಯಲ್ಲಿ ಶೇಖರವಾದ ಸಗಣಿಗೆ ಆಗಾಗ ಬೆಂಕಿಯಿಟ್ಟರು. ಸಂಕ್ರಾಂತಿಯ ದಿನ ದನಗಳಿಗೆ ಕಿಚ್ಚು ಹಾಯಿಸುತ್ತೇವಲ್ಲ, ಅಂಥ ಹಬ್ಬದ ಬೆಂಕಿಯೇ ಇದ್ದಿರಬಹುದೆಂದು ಆಲ್ಚಿನ್ನರ ಅಭಿಪ್ರಾಯ.

ಅಂತೂ ವಾಲಿಯ ಚಿತೆ ಹೋಗಿ ದನದ ದೊಡ್ಡಿ ಉಳಿಯಿತು. ಇದರಲ್ಲಿ ನಗುವಂಥದು ಇದ್ದರೂ ನನಗೆ ಕಾಣುವುದು ಬೇರೆ. ಅರ್ಥವಾಗದ ಒಂದು ಬೂದಿಯ ರಾಶಿ ಕಂಡರೆ ನಮ್ಮ ಜನ ಅದನ್ನು ಸುಮ್ಮನೆ ಬಿಡಲಿಲ್ಲ. ಇಲ್ಲಿ ಯಾರೋ ದೊಡ್ಡವರು ಸತ್ತಿರಬೇಕು, ಅವರಿಗೆ ಒಂದು ಹೆಸರಿರಬೇಕು ಎಂದುಕೊಂಡರು. ಆ ದನಗಾಹಿಗಳೂ ತಮ್ಮ ಸತ್ತವರನ್ನು ದೂರ ಮಾಡಿದವರಲ್ಲ. 1960ರ ದಶಕದಲ್ಲಿ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಉತ್ಖನನ ನಡೆದಾಗ ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ವಾಸದ ನೆಲೆಯಲ್ಲೇ ಹೂಳಿದ್ದು ಕಂಡುಬಂತು. ಸತ್ತ ಮಗು ಮನೆಯ ಹತ್ತಿರವೇ ಇರಲಿ ಎಂಬ ತಾಯಿಯ ಆಸೆಯನ್ನು ತಿಳಿಯಲು ಲಿಪಿ ಬೇಕಾಗಿಲ್ಲ. ಆದರೆ ಆ ಮಗುವಿನ ಹೆಸರು ಹೋಯಿತು. ಗಂಗಾವತಿಯ ಕಡೆ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬಂಡೆಯ ಚಪ್ಪಡಿಗಳಿಂದ ಕಟ್ಟಿದ ನೂರಾರು ಗೋರಿಮನೆಗಳಿವೆ. ಅವುಗಳನ್ನು ಜನ ಮೋರ್ಯರ ಮನೆಗಳೆನ್ನುತ್ತಾರೆ. ಮನೆ ಉಳಿಯಿತು, ಮನೆಯವರ ಹೆಸರು ಉಳಿಯಲಿಲ್ಲ.

ಹೆಸರು ಉಳಿಯಲು ತೊಡಗಿದ್ದು ಕಲ್ಲಿನ ಮೇಲೆ ಅಕ್ಷರ ಕೊರೆಯುವುದನ್ನು ಊರವರು ಕಲಿತ ಮೇಲೆ. ಅದೇ ವೀರಗಲ್ಲು. ಮತ್ತೆ ದನವೇ ಇಲ್ಲಿ ಮುಂದೆ ಬರುತ್ತದೆ ಎಂಬುದು ಸೋಜಿಗ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಬಹಳಷ್ಟು ತುರುಗಾಳಗದವು. ತುರು ಎಂದರೆ ಹಸು. ಪಕ್ಕದ ಸೀಮೆಯವರೋ ಕಳ್ಳರೋ ಊರಿನ ಮಂದೆಯನ್ನು ಹೊಡೆದುಕೊಂಡು ಹೋಗುತ್ತಾರೆ. ಒಬ್ಬ ಬೆನ್ನಟ್ಟಿ ಹೋಗಿ ಮಂದೆಯನ್ನು ಮರಳಿಸಿ ತಾನು ಸಾಯುತ್ತಾನೆ. ಅವನು ದಂಡನಾಯಕನಲ್ಲ. ಗಾವುಂಡನ ಮಗನೋ ಗೋವಳನೋ ಬೇಡನೋ ಆಗಿರುತ್ತಾನೆ. ಹೀಗೆಯೇ ಹೆಂಗಸರನ್ನು ಸೆರೆಹಿಡಿದಾಗ ಎದ್ದ ಮೊರೆಗೆ ಓಗೊಟ್ಟು ಹೋರಾಡಿದ್ದು ಪೆಣ್ಬುಯ್ಯಲು, ಊರಿಗೆ ಮುತ್ತಿಗೆ ಬಿದ್ದಾಗ ಸತ್ತದ್ದು ಊರಳಿವು, ಎಲ್ಲೆಯ ಜಗಳದಲ್ಲಿ ಬಿದ್ದದ್ದು ಗಡಿಗಾಳಗ. ಸಾವಿನ ಬಗೆಗೆ ಇಷ್ಟು ಹೆಸರುಗಳನ್ನು ಮಾಡಿಕೊಂಡಿದ್ದ ಜನಕ್ಕೆ ಸಾವು ಎಷ್ಟು ಹತ್ತಿರದ್ದಾಗಿತ್ತೆಂಬುದನ್ನು ಬೇರೆ ಹೇಳಬೇಕಿಲ್ಲ.

ವೀರಗಲ್ಲನ್ನು ನೋಡಿ ತಿಳಿಯಲು ಅಕ್ಷರ ಬರಬೇಕೆಂದೂ ಇಲ್ಲ. ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋದರೆ ಸಾಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲೋ ಕತ್ತಿಯೋ ಹಿಡಿದ ಆಳು, ಎದುರಿಗೆ ವೈರಿಗಳು, ಒಮ್ಮೊಮ್ಮೆ ಪಕ್ಕದಲ್ಲಿ ಸಾಲಾಗಿ ನಿಂತ ಹಸುಗಳು. ನಡುವಿನ ಪಟ್ಟಿಕೆಯಲ್ಲಿ ಅವನೇ, ಅಪ್ಸರೆಯರ ನಡುವೆ ಮೇಲಕ್ಕೇರುತ್ತಿದ್ದಾನೆ. ಮೇಲಿನದರಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ. ತುದಿಯಲ್ಲಿ ಸೂರ್ಯ ಮತ್ತು ಚಂದ್ರ. ಅವರಿಬ್ಬರು ಇರುವ ತನಕ ಈ ಹೆಸರೂ ಇರಲಿ ಎಂದು ಅದರ ಅರ್ಥ.

ಬರಿಯ ಕಲ್ಲು ನಿಲ್ಲಿಸಿ ಕೈತೊಳೆದುಕೊಂಡರೆಂದು ತಿಳಿಯಬಾರದು. ಸತ್ತವನ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ರಕ್ತಕ್ಕೆ ಕೊಟ್ಟ ಕೊಡುಗೆ. ಕಲ್ನಾಡು ಎಂಬ ಇನ್ನೊಂದು ಮಾತೂ ಶಾಸನಗಳಲ್ಲಿ ಬರುತ್ತದೆ. ಆ ಹೊಲದಲ್ಲಿ ಬೆಳೆದ ಜೋಳವನ್ನು ಉಣ್ಣುವ ತನಕ ಮಕ್ಕಳು ಮೊಮ್ಮಕ್ಕಳು ಅಪ್ಪನನ್ನು ಮರೆಯುವ ಹಾಗಿಲ್ಲ. ಅವರು ಮರೆತರೂ ನೆರೆಹೊಲದವರು ಮರೆಯಲು ಬಿಡುವುದಿಲ್ಲ. ನೆನಪಿಗೆ ಒಂದು ಕಲ್ಲು ಸಾಲದು, ಹಿಂದೆ ಒಂದು ಹೊಲವೂ ಬೇಕು ಎಂಬುದನ್ನು ಆ ಕಾಲದ ಹಳ್ಳಿಗರು ಅರಿತಿದ್ದರು.

ಈ ಮಾತು ಎಷ್ಟು ನಿಜವೆಂಬುದಕ್ಕೆ ಮಂಡ್ಯದ ಕಡೆಯ ಒಂದು ನಿದರ್ಶನ ಕೊಡಬೇಕು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಕಲ್ಲು ಸುಮಾರು 949-50ರದು. ಗಂಗರ ಬೂತುಗನ ಕೈಕೆಳಗೆ ಮಣಲೇರ ಎಂಬ ವೀರನಿದ್ದ. ಚೋಳರೊಡನೆ ನಡೆದ ಯುದ್ಧದಲ್ಲಿ ಅವನ ಸಾಹಸಕ್ಕೆ ಮೆಚ್ಚಿ ಏನು ಬೇಕು ಕೇಳು ಎಂದು ಅರಸ ಹೇಳಿದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ, ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ ಉಣ್ಣಕೂಡದೆಂದು ಕಟ್ಟಳೆಯನ್ನೂ ಮಾಡಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಎದುರುಬದುರಾಗಿ ನಿಂತಿರುವುದನ್ನು ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ. ಬೆಂಗಳೂರಿನ ಮಾತು ಬಂದುದರಿಂದ ಇದನ್ನೂ ಹೇಳಬಹುದು: ಆ ಮಹಾನಗರದ ಹೆಸರು ನಮಗೆ ಮೊದಲು ಕಾಣಸಿಗುವುದು ಯಾವ ಅರಸನ ಬಿರುದಾವಳಿಯಲ್ಲೂ ಅಲ್ಲ, ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ, ಬೆಂಗಳೂರ ಕಾಳಗದಲ್ಲಿ ಮಡಿದವರ ನೆನಪಿನಲ್ಲಿ.

ನಮ್ಮ ಬಳ್ಳಾರಿ ಸೀಮೆಯ ಕಲ್ಲುಗಳು ಇಷ್ಟು ಹೆಸರಾಗದಿರುವುದಕ್ಕೆ ಒಂದು ಕಾರಣವುಂಟು. ಮೈಸೂರು ಮತ್ತು ಕೊಡಗಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ತಾಲ್ಲೂಕು ತಾಲ್ಲೂಕಾಗಿ ಅಚ್ಚು ಹಾಕಿಸಿದರು. ಬಳ್ಳಾರಿ ಆಗ ಮದರಾಸಿನ ಆಡಳಿತದಲ್ಲಿದ್ದುದರಿಂದ ಆ ಸಂಪುಟಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. ಮದರಾಸು ಪ್ರಾಂತದ ಕನ್ನಡ ಶಾಸನಗಳು ಬೇರೆ ಸಂಪುಟವಾಗಿ ಹೊರಬಂದದ್ದು 1939ರಲ್ಲಿ. ನಾಡಿನ ಗಡಿ ಸತ್ತವರ ಹೆಸರಿನ ಮೇಲೂ ಹೀಗೆ ಗೆರೆ ಎಳೆಯುತ್ತದೆ. ಹಂಪೆಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದ ಮೇಲೆ ಈ ಭಾಗದ ಶಾಸನಗಳ ಹೊಸ ಸಂಪುಟಗಳನ್ನು ತಂದಿತು. ಮೆಕೆಂಜಿಯ ಕಾಲದಲ್ಲಿ ಊರೂರಿನಲ್ಲಿ ಕೇಳಿ ಬರೆಸಿಕೊಂಡಿದ್ದ ಕೈಫಿಯತ್ತುಗಳನ್ನೂ ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಅಚ್ಚು ಹಾಕಿಸಿತು. ವೀರಗಲ್ಲುಗಳನ್ನು ಕುರಿತು ಮನಮುಟ್ಟುವಂತೆ ಬರೆದ ಎಂ. ಚಿದಾನಂದಮೂರ್ತಿಯವರೂ ಸ್ಮಾರಕ ಶಿಲೆಗಳ ಅಧ್ಯಯನಕ್ಕೆ ದೊಡ್ಡ ಗ್ರಂಥವನ್ನು ಸಂಪಾದಿಸಿಕೊಟ್ಟ ಷ. ಶೆಟ್ಟರ್ ಅವರೂ 2020ರ ಜನವರಿ ಫೆಬ್ರವರಿಗಳಲ್ಲಿ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸತ್ತವರ ಕಲ್ಲುಗಳನ್ನು ಓದಿ ಹೇಳುತ್ತಿದ್ದ ಇಬ್ಬರು ಒಂದೇ ಚಳಿಗಾಲದಲ್ಲಿ ಹೋದರು.

ಪುಸ್ತಕದಲ್ಲಿ ಹೆಸರು ಬಂದರೂ ಊರಿನಲ್ಲಿ ಅದು ಉಳಿದಿರುವುದು ಅಪರೂಪ. ಈ ಸೀಮೆಯಲ್ಲಿ ಸುತ್ತಾಡುವಾಗ ಒಮ್ಮೆ ಊರಬಾಗಿಲ ಬಳಿ ಅರ್ಧ ಹೂತುಹೋಗಿದ್ದ ಕಲ್ಲೊಂದನ್ನು ತೋರಿಸಿ, ಇದು ಯಾರದು ಎಂದು ಮುದುಕರೊಬ್ಬರನ್ನು ಕೇಳಿದೆ. “ಯಾರದೋ ಏನೋ ಸಾಮಿ, ಊರು ಕಾಯೋ ಈರಪ್ಪ ಅಂತಾರ. ಸೋಮಾರ ಸೋಮಾರ ಎಣ್ಣೆ ಹಾಕ್ತೀವಿ” ಎಂದರು. ಹೆಸರು ಹೋಗಿತ್ತು, ಅವನು ಮಾಡಿದ ಕೆಲಸ ಮಾತ್ರ ಉಳಿದಿತ್ತು. ಆ ಊರು ಅವನಿಗೆ ಇನ್ನೂ ಕಾವಲಿನ ಕೆಲಸವನ್ನೇ ಕೊಟ್ಟಿದೆ. ಎಣ್ಣೆಯೂ ಇಲ್ಲದ ಕಲ್ಲುಗಳ ಗತಿ ಕಷ್ಟ. ಬಟ್ಟೆ ಒಗೆಯುವ ಬಂಡೆಯಾಗಿ, ಬಚ್ಚಲಿನ ಚಪ್ಪಡಿಯಾಗಿ, ಕಾಲುವೆಗೆ ಅಡ್ಡ ಹಾಕಿದ ದಾರಿಗಲ್ಲಾಗಿ ಅವು ಸೇವೆ ಮಾಡುತ್ತಿರುತ್ತವೆ. ಒಗೆಯುವವರ ತಪ್ಪೇನೂ ಇಲ್ಲ. ನುಣುಪಾದ ಕಲ್ಲು ಸಿಕ್ಕರೆ ಯಾರು ಬಿಡುತ್ತಾರೆ? ಆದರೆ ರಸ್ತೆ ಅಗಲವಾಗುವಾಗ ಯಂತ್ರ ಬಂದು ಕಲ್ಲನ್ನು ಎತ್ತಿ ಎಲ್ಲಿಗೋ ಸುರಿದರೆ ಆ ಸೇವೆಯೂ ಮುಗಿಯುತ್ತದೆ. ನಿಂತ ಜಾಗದಿಂದ ಕದಲಿದ ವೀರಗಲ್ಲು ಅರ್ಧ ಮೂಕ. ಯಾವ ಊರಿನ ಯಾವ ಎಲ್ಲೆಯಲ್ಲಿ ಕಾಳಗವಾಯಿತೆಂಬುದನ್ನು ಆ ಜಾಗವೇ ಹೇಳುತ್ತಿತ್ತು.

ಹೆಂಗಸರ ಮಾತು ಇನ್ನೂ ಹೇಳಿಲ್ಲ. ವೀರಗಲ್ಲಿನ ಪಕ್ಕದಲ್ಲೋ ಅದರ ಮೇಲೆಯೋ ಕೆಲವೊಮ್ಮೆ ಒಂದು ಕಂಬ, ಆ ಕಂಬದಿಂದ ಹೊರಚಾಚಿದ ಒಂದು ತೋಳು, ತೋಳಿನ ತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಇದು ಮಾಸ್ತಿಕಲ್ಲು. ಗಂಡನ ಚಿತೆಯೇರಿದವಳ ಗುರುತು. ವಿಜಯನಗರಕ್ಕೆ ಬಂದ ಪೋರ್ಚುಗೀಸರಾದ ಬಾರ್ಬೋಸ, ನುನಿಜ್ ಮೊದಲಾದವರು ಈ ಪದ್ಧತಿಯನ್ನು ಬಣ್ಣಿಸಿದ್ದಾರೆ. ಮದರಾಸು ಪ್ರಾಂತದಲ್ಲಿ 1830ರಲ್ಲಿ ಕಾನೂನು ಇದನ್ನು ನಿಲ್ಲಿಸಿತು. ಮಾಸ್ತಮ್ಮನೆಂದು ಪೂಜೆ ಮಾಡುತ್ತಾರೆ, ನಿಜ. ಆದರೆ ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಹೆಸರೇ ಇಲ್ಲ, ಬರಿಯ ತೋಳು. ಗಂಡನಿಗೆ ಹೆಸರು, ಹೆಂಡತಿಗೆ ಬಳೆ. ಸಾಯದೆ ಉಳಿದವಳೊಬ್ಬಳು ಇದ್ದಳಲ್ಲ, ನೆತ್ತರುಗೊಡಗೆಯ ಹೊಲವನ್ನು ಉಳುಮೆ ಮಾಡಿಸಿ, ತಂದೆಯಿಲ್ಲದ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು, ಅವಳಿಗೆ ತೋಳಿನ ಕಲ್ಲೂ ಇಲ್ಲ. ಈ ಕಲ್ಲುಗಳ ಮುಂದೆ ಕೈಮುಗಿಯುವಾಗ ನನಗೆ ಯಾವಾಗಲೂ ನೆನಪಾಗುವುದು ಅವಳೇ.

ಇನ್ನು ಈ ಸೀಮೆಯ ಸತ್ತವರಲ್ಲೆಲ್ಲ ದೊಡ್ಡ ಹೆಸರು ಕುಮಾರರಾಮನದು. ಕಂಪಿಲಿಯ ಕಂಪಿಲರಾಯನ ಮಗ. 1327ರ ಸುಮಾರಿಗೆ ದೆಹಲಿಯ ಮಹಮ್ಮದ್ ಬಿನ್ ತುಘಲಕ್ಕನ ಸೈನ್ಯ ಕಂಪಿಲಿ ರಾಜ್ಯವನ್ನು ಅಳಿಸಿತು. ದಂಗೆಯೆದ್ದು ಓಡಿಬಂದ ಸುಲ್ತಾನನ ಸೋದರಳಿಯ ಬಹಾವುದ್ದೀನನಿಗೆ ಆಶ್ರಯ ಕೊಟ್ಟದ್ದೇ ನೆಪ. ಈ ಕಥೆಯನ್ನು ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ: ಅನ್ನ ಮುಗಿದಾಗ ಕಂಪಿಲರಾಯ ಆಶ್ರಿತನನ್ನು ಬೇರೊಬ್ಬ ಅರಸನ ಬಳಿಗೆ ಕಳಿಸಿಕೊಟ್ಟ, ಬೆಂಕಿ ಹೊತ್ತಿಸಿದ, ಹೆಂಗಸರು ಅದರಲ್ಲಿ ಬಿದ್ದರು, ತಾನು ಕತ್ತಿ ಹಿಡಿದು ಹೋಗಿ ಸತ್ತ, ಅವನ ಹನ್ನೊಂದು ಮಕ್ಕಳನ್ನು ದೆಹಲಿಗೆ ಒಯ್ದರು, ಅವರು ಅಲ್ಲಿ ಅಮೀರರಾದರು, ಅವರಲ್ಲಿ ಮೂವರನ್ನು ತಾನು ಬಲ್ಲೆ ಎನ್ನುತ್ತಾನೆ.

ಜನ ಬೇರೆಯೇ ಒಂದು ಕಥೆಯನ್ನು ಇಟ್ಟುಕೊಂಡರು. ಅದರಲ್ಲಿ ದೆಹಲಿಗೆ ಹೋದದ್ದು ಒಬ್ಬ ಮಗನ ತಲೆ ಮಾತ್ರ. ಮಲತಾಯಿ ರತ್ನಾಜಿಯ ಮೋಹವನ್ನು ತಿರಸ್ಕರಿಸಿ ತಂದೆಯ ಕೋಪಕ್ಕೆ ಗುರಿಯಾದ ಪರನಾರೀ ಸಹೋದರ, ಮಂತ್ರಿ ಬೈಚಪ್ಪ ನೆಲಮಾಳಿಗೆಯಲ್ಲಿ ಅಡಗಿಸಿಟ್ಟು ಕಾಪಾಡಿದ ರಾಮ, ನಾಡಿಗೆ ಕಷ್ಟ ಬಂದಾಗ ಹೊರಬಂದು ಹೋರಾಡಿ ಮಡಿದವನು. ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿ ಇದನ್ನು ಸಾಂಗತ್ಯದಲ್ಲಿ ಹಾಡಿದ. ಸಂಡೂರಿನ ಬೆಟ್ಟಗಳಲ್ಲಿರುವ ರಾಮಗಡವನ್ನು ಅವನ ಹೊಸಮಲೆದುರ್ಗವೆಂದು ಗುರುತಿಸುತ್ತಾರೆ. ಇಲ್ಲಿಂದ ಬಹು ದೂರದ ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಕುಮಾರರಾಮನ ಮರದ ಮೂರ್ತಿಗಳಿಗೆ ಇಂದಿಗೂ ಪೂಜೆಯುಂಟು. ಅರಸನ ಮಗನೇ ಆದರೂ ಅವನ ಹೆಸರು ಉಳಿದದ್ದು ಅರಸರಿಂದಲ್ಲ. ಅವನ ಮನೆತನವೇ ಅಳಿದುಹೋಗಿತ್ತು. ಕಲ್ಲು ನಿಲ್ಲಿಸಲು ಯಾರೂ ಇರಲಿಲ್ಲ. ಹಾಡುವವರಿದ್ದರು, ಅಷ್ಟೆ.

ಗೆದ್ದ ಅರಸರು ನೆನಪಿಗಾಗಿ ಕಟ್ಟಿಸಿದ್ದು ಏನಾಯಿತು ನೋಡಿ. ಕೃಷ್ಣದೇವರಾಯ ಕಟ್ಟಿಸಿದ ಹೊಸ ಊರಿಗೆ ನಾಗಲಾಪುರವೆಂದು ಹೆಸರಿತ್ತು, ತಾಯಿ ನಾಗಲಾಂಬಿಕೆಯ ಹೆಸರು ಎನ್ನುತ್ತಾರೆ. ಜನ ಅದನ್ನು ಹೊಸಪೇಟೆ ಎಂದರು. ಐನೂರು ವರ್ಷ ಹಳೆಯದಾದರೂ ಅದು ಹೊಸಪೇಟೆಯೇ. 1524ರಲ್ಲಿ ಮಗ ತಿರುಮಲರಾಯನ ಹೆಸರಿನಲ್ಲಿ ಇನ್ನೊಂದು ಊರು ಕಟ್ಟಿಸಿ ಅನಂತಶಯನನ ಭಾರೀ ಗುಡಿ ಎಬ್ಬಿಸಿದ. ಆ ಹುಡುಗ ಅದೇ ಸುಮಾರಿಗೆ ತೀರಿಕೊಂಡ. ವಿಷವಿಕ್ಕಿದರೆಂದು ನುನಿಜ್ ಬರೆದಿದ್ದಾನೆ. ಇಂದು ಆ ಊರು ಅನಂತಶಯನಗುಡಿ. ಹಡಗಲಿ ತಾಲ್ಲೂಕಿನ ಹೊಳಲಿನಿಂದ ಬರಬೇಕಾದ ದೇವರು ಬರಲೊಲ್ಲದೆ ಅಲ್ಲೇ ಮಲಗಿಬಿಟ್ಟನೆಂದು ಕಥೆ. ಗರ್ಭಗುಡಿಯ ಉದ್ದನೆಯ ಪೀಠ ಬರಿದಾಗಿದೆ. ಮಗನ ಹೆಸರೂ ಹೋಯಿತು, ದೇವರೂ ಬರಲಿಲ್ಲ. ಮಗನನ್ನು ಕಳೆದುಕೊಂಡ ತಂದೆಯೊಬ್ಬನ ಗುಡಿಯೆಂದು ತಿಳಿದು ಆ ಕಮಾನಿನ ಕೆಳಗೆ ನಿಂತವರಿಗೆ ಅಲ್ಲಿನ ಮೌನ ಬೇರೆಯಾಗಿ ಕೇಳುತ್ತದೆ.

ಇದಕ್ಕೆ ಎದುರಾಗಿ ಆನೆಗೊಂದಿಯ ನಡುಗಡ್ಡೆಯಲ್ಲಿ ನವಬೃಂದಾವನವಿದೆ. 1539ರಲ್ಲಿ ಕಾಲವಾದ ವ್ಯಾಸರಾಯರ ಬೃಂದಾವನ ಅಲ್ಲಿಯದು. 2019ರ ಜುಲೈ ತಿಂಗಳಲ್ಲಿ ಯಾರೋ ದುರುಳರು ನಿಧಿಯಾಸೆಗೆ ಅದನ್ನು ಕೆಡವಿದರು. ಸುದ್ದಿ ಹರಡಿದ್ದೇ ತಡ, ಭಕ್ತರು ನೆರೆದು ಬಿದ್ದ ಕಲ್ಲುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿಬಿಟ್ಟರು. ದಿನವೂ ಹೋಗಿ ಬರುವವರಿರುವ ಕಲ್ಲನ್ನು ಕೆಡವುವುದು ಸುಲಭವಲ್ಲ.

ಕಲ್ಲೂ ಇಲ್ಲದೆ ಹಾಡೂ ಇಲ್ಲದೆ ಹೋದವರು ಎಷ್ಟು ಮಂದಿ! ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರ ವರೆಗಿನ ದೊಡ್ಡ ಬರ, ಬಳ್ಳಾರಿ ಜಿಲ್ಲೆಯನ್ನು ಹಿಂಡಿದಷ್ಟು ಕೆಲವೇ ಜಿಲ್ಲೆಗಳನ್ನು ಹಿಂಡಿತು. ಗಂಜಿ ಕೇಂದ್ರಗಳಿಗೂ ಕಾಮಗಾರಿಗಳಿಗೂ ಜನ ನಡೆದು ಹೋಗುತ್ತ ದಾರಿಯಲ್ಲೇ ಬಿದ್ದರು. ಕೂಲಿಯವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ಸರ್ಕಾರದ ಪ್ರತಿನಿಧಿ ರಿಚರ್ಡ್ ಟೆಂಪಲ್ ಲೆಕ್ಕ ಹಾಕಿದ. ಸಾಲದು ಎಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದ. 1871ರ ಜನಗಣತಿಗಿಂತ 1881ರಲ್ಲಿ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು. ಸತ್ತವರನ್ನು ನೆನೆಯಬೇಕಾದವರೂ ಸತ್ತಿದ್ದರು. ಅವರ ಸ್ಮಾರಕ ಆ ಎರಡು ಸಂಖ್ಯೆಗಳ ನಡುವಿನ ಅಂತರವೊಂದೇ.

ಹತ್ತಿರದ ಕಾಲದ ಇನ್ನೊಂದು ಹೆಸರನ್ನು ಇಲ್ಲಿ ಹೇಳಲೇಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗಗಳು ಅತ್ತ ಹೋಗಿ, ಬಳ್ಳಾರಿ, ಹೊಸಪೇಟೆ, ಸಂಡೂರು ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಬಳ್ಳಾರಿ ಯಾರದೆಂಬ ಜಗಳ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯ ತನಕ ಹೋಗಿತ್ತು. ಊರಿನಲ್ಲಿ ಕಾವು ಇತ್ತು. ವಿಲೀನದ ಸಂಭ್ರಮಕ್ಕೆ ಬಳ್ಳಾರಿಯಲ್ಲಿ ಚಪ್ಪರ ಹಾಕಿದ್ದರು. ಸೆಪ್ಟೆಂಬರ್ ಕೊನೆಯ ಆ ರಾತ್ರಿ ಚಪ್ಪರ ಕಾಯುತ್ತಿದ್ದವರು ರಂಜಾನ್ ಸಾಬ್. ವಿರೋಧಿಗಳು ಆಸಿಡ್ ತುಂಬಿದ ಬಲ್ಬು ಎಸೆದರು. ಬೆಳಗಾದರೆ ಕನ್ನಡನಾಡಿಗೆ ಸೇರಲಿದ್ದ ಊರಿನಲ್ಲಿ ಅವರು ಪ್ರಾಣ ಬಿಟ್ಟರು. ಹಳೆಯ ಮಾತಿನಲ್ಲಿ ಹೇಳುವುದಾದರೆ ಇದೂ ಗಡಿಗಾಳಗವೇ. ಸಾವಿರ ವರ್ಷ ಹಿಂದಾಗಿದ್ದರೆ ಊರಬಾಗಿಲಲ್ಲಿ ಮೂರು ಪಟ್ಟಿಕೆಯ ಕಲ್ಲು ನಿಲ್ಲುತ್ತಿತ್ತು, ಮನೆಯವರಿಗೆ ಹೊಲ ಸಿಗುತ್ತಿತ್ತು. ಏಕೀಕರಣದ ಹುತಾತ್ಮರೆಂದು ರಾಜ್ಯೋತ್ಸವದ ದಿನ ಭಾಷಣಗಳಲ್ಲಿ ಅವರ ಹೆಸರು ಬರುತ್ತದೆ. ಆದರೆ ದಕ್ಷಿಣದ ಜಿಲ್ಲೆಗಳಲ್ಲಿ ಈ ಹೆಸರು ಬಲ್ಲ ಎಷ್ಟು ಮನೆಗಳು ಸಿಕ್ಕಾವು?

ಮತ್ತೆ ಕುರೆಕುಪ್ಪಕ್ಕೆ ಬರೋಣ. 1971ರಲ್ಲಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು; ಕಾರ್ಖಾನೆ ಎದ್ದದ್ದು 1990ರ ದಶಕದಲ್ಲಿ. ಸಂಡೂರಿನ ಬೆಟ್ಟದ ಅದಿರು ಹತ್ತಿರದಲ್ಲೇ ಉಕ್ಕಾಗತೊಡಗಿತು. ನಾನಾ ಸೀಮೆಯ ಜನ ಬಂದು ಸೇರಿದರು. ಹೊರಗಿನಿಂದ ಬಂದವನಿಗೆ ಊರಿನ ಹಿರಿಯರು ಯಾರೆಂದು ಗೊತ್ತಿಲ್ಲ, ಊರಿನವರಿಗೆ ಅವನ ಹಿರಿಯರು ಯಾರೆಂದು ಗೊತ್ತಿಲ್ಲ. ಇಂಥ ಊರುಗಳಲ್ಲಿ ಯಾರಾದರೂ ತೀರಿಕೊಂಡರೆ ಮೂರನೆಯ ದಿನಕ್ಕೆ ವೃತ್ತದಲ್ಲಿ ಫ್ಲೆಕ್ಸು ಏಳುತ್ತದೆ. ನಡುವೆ ಸತ್ತವರ ಚಿತ್ರ, ಕೆಳಗೆ ಹುಟ್ಟಿದ ದಿನ, ಸತ್ತ ದಿನ, ಸುತ್ತ ದುಃಖತಪ್ತರ ಚಿತ್ರಗಳು. ನೋಡಿದರೆ ಇದೂ ವೀರಗಲ್ಲಿನ ವಂಶದ್ದೇ. ಬಳ್ಳಾರಿಯ ಬಿಸಿಲಿಗೆ ಎರಡು ತಿಂಗಳಲ್ಲಿ ಮುಖ ಬೆಳ್ಳಗಾಗುತ್ತದೆ, ಆಮೇಲೆ ಯಾರದೋ ಗುಡಿಸಿಲಿನ ಮಾಡಾಗುತ್ತದೆ. ಸೂರ್ಯಚಂದ್ರರ ಮಾತಿರಲಿ, ಒಂದು ಮಳೆಗಾಲಕ್ಕೆ ನಿಲ್ಲುವುದಿಲ್ಲ.

ಮನೆಯೊಳಗಿನ ನೆನಪು ಇದಕ್ಕಿಂತ ಗಟ್ಟಿ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆಯಿಡುವಾಗ ಅಜ್ಜನಿಗೆ ಇಷ್ಟವಾದದ್ದನ್ನೇ ಮಾಡುತ್ತಾರೆ. ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಸೊಸೆ ಮಾವನ ಹೆಸರನ್ನು ಕೂಗಲಾರದೆ ಮಗುವಿಗೆ ಬೇರೊಂದು ಕರೆಯುವ ಹೆಸರು ಹುಡುಕುತ್ತಾಳೆ. ಚೇಳಗುರ್ಕಿಯಲ್ಲಿ ಗದ್ದುಗೆಯಾದ ಎರ್ರಿತಾತನವರ ಹೆಸರು ಈ ಜಿಲ್ಲೆಯ ಎಷ್ಟೋ ಎರ್ರಿಸ್ವಾಮಿಗಳಲ್ಲಿ, ಎರ್ರೆಮ್ಮಂದಿರಲ್ಲಿ ದಿನವೂ ಓಡಾಡುತ್ತಿರುತ್ತದೆ.

ಇನ್ನೊಂದು ಪದ್ಧತಿಯುಂಟು, ಅದನ್ನು ಯಾವ ಶಾಸನ ಸಂಪುಟವೂ ಲೆಕ್ಕಕ್ಕೆ ಹಿಡಿದಿಲ್ಲ. ಹಿರಿಯರು ತೀರಿಕೊಂಡ ವರ್ಷಕ್ಕೆ ಗುಡಿಗೋ ಮಠಕ್ಕೋ ಪಾತ್ರೆ ಕೊಡುತ್ತಾರೆ. ಪಾತ್ರೆ ಅಂಗಡಿಯವನು ಕಿವಿಗಡಚಿಕ್ಕುವ ಸದ್ದು ಮಾಡುತ್ತ ಸ್ಟೀಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆದುಕೊಡುತ್ತಾನೆ: ದಿವಂಗತ ಇಂಥವರ ಜ್ಞಾಪಕಾರ್ಥ, ಇಸವಿ, ಊರು. ಶಾಸನದಲ್ಲಿ ಇರಬೇಕಾದದ್ದೆಲ್ಲ ಅದರಲ್ಲಿದೆ. ಈ ಹೆಸರುಗಳಲ್ಲಿ ಹೆಂಗಸರ ಹೆಸರು ಬೇಕಾದಷ್ಟು. ಕಲ್ಲು ಸಿಗದೆ ಹೋದವಳ ಮೊಮ್ಮಕ್ಕಳು ಅವಳ ಹೆಸರನ್ನು ಉಕ್ಕಿನ ಮೇಲೆ ಬರೆಸಿದ್ದಾರೆ. ಮದುವೆಗೋ ಜಾತ್ರೆಗೋ ಆ ಪಾತ್ರೆಗಳನ್ನು ತಂದು ಸಾಲುಪಂಕ್ತಿಯಲ್ಲಿ ಬಡಿಸುವಾಗ, ಸಾರಿನ ಬಕೆಟ್ಟು ಹಿಡಿದ ಹುಡುಗಿ ಅದರ ಕಂಠದ ಮೇಲಿನ ಚುಕ್ಕಿಗಳನ್ನು ಕೂಡಿಸಿ ಓದಿ, “ಈ ಹನುಮಕ್ಕ ಅಂದ್ರ ಯಾರಬೇ?” ಎಂದು ಕೇಳುತ್ತಾಳೆ. ಎಲೆಯ ಮುಂದೆ ಕುಳಿತ ಮುದುಕಿ ಕೈಯಲ್ಲಿನ ತುತ್ತನ್ನು ಎಲೆಗೇ ಇಳಿಸಿ, “ಬಾ ಇಲ್ಲಿ, ಕುಂದ್ರು, ಹೇಳ್ತೀನಿ” ಎನ್ನುತ್ತಾಳೆ.